ನಾಲ್ಕು ಮಾತ್ರೆ, ಒಂದು ಗುರು ಲೋಪ

ಕೈ ತಲೆ ಹೊರಗೆ ಚಾಚಬೇಡಿ — ಮೂರು, ನಾಲ್ಕು, ಮೂರು, ಮತ್ತೆ ಮೂರು, ಕೊನೆಯಲ್ಲಿ ಒಂದು ಮಾತ್ರೆ ಕಡಿಮೆ, ಬೇಡಿರಿ ಎಂದು ಬರೆಸಿದ್ದರೆ ಗಣವೂ ತುಂಬುತ್ತಿತ್ತು, ಪ್ರಯಾಣಿಕರಿಗೆ ಮರ್ಯಾದೆಯೂ ಸಲ್ಲುತ್ತಿತ್ತು, ಒಂದು ಅಕ್ಷರದಲ್ಲಿ ಏನು ಉಳಿಸಿದನೋ ಈ ಬಸ್ಸಿನ ಮಾಲೀಕ, ಎಂದು ಕಿಟಕಿಯ ಮೇಲಿನ ಬರಹವನ್ನು ನೋಡಿ ಶ್ಯಾಮಲಾ ಟೀಚರ್ ಸಿಟ್ಟಾದರು, ಸಿಟ್ಟಾದ ಮರುಕ್ಷಣವೇ ತಮ್ಮ ಬಲಗೈ ಹೆಬ್ಬೆರಳು ಬೆರಳಗೆರೆಗಳ ಮೇಲೆ ತಾನೇ ತಾನಾಗಿ ಓಡಾಡುತ್ತಿರುವುದನ್ನು ಕಂಡು ಮುಷ್ಟಿ ಬಿಗಿದರು, ಇದೇ ಬೆರಳು, ಇದೇ ಎಣಿಕೆ, ಇದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು, ಹೊಸನಗರದಿಂದ ತೀರ್ಥಹಳ್ಳಿಗೆ ಬುಧವಾರದ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ, ಬೀಗ ಹಾಕಿದೆನೋ ಇಲ್ಲವೋ ಎಂಬ ಖಾತರಿಯೂ ಇಲ್ಲದೆ ಓಡುತ್ತಿರುವುದು, ಅದೂ ಏತಕ್ಕೆ, ಒಬ್ಬ ಅಂಚೆಯವನಿಗಿಂತ ಮೊದಲು ಒಂದು ಮನೆಯ ಗೇಟು ಮುಟ್ಟುವುದಕ್ಕೆ. ಹನ್ನೊಂದಕ್ಕೆ ಬರುತ್ತಾನಂತೆ ಅಂಚೆಯವನು ಕುರುವಳ್ಳಿಗೆ, ಅವನ ಚೀಲದಲ್ಲಿ ಒಂದು ಕಂದು ಲಕೋಟೆ, ಲಕೋಟೆಯೊಳಗೆ ರವೀಂದ್ರ ಮೇಷ್ಟ್ರ ಕೈಬರಹದ ಆರು ಸಾಲು, ಆ ಆರು ಸಾಲಿನ ಮೇಲೆ, ಕೆಳಗೆ, ನಡುವೆ, ಅಂಚಿನಲ್ಲಿ, ಹಾಳೆಯ ಬೆನ್ನಿನಲ್ಲಿ ಸಹ, ತನ್ನ ಕೆಂಪು ಶಾಯಿ. ಐದೂವರೆ ಅಂಕ, ಹತ್ತಕ್ಕೆ. ವೃತ್ತ ಹಾಕಿ, ಅಡಿಗೆರೆ ಎಳೆದು, ಸಹಿ ಮಾಡಿ, ದಿನಾಂಕ ಬೇರೆ. ಎಂತ ಜಪ ಅಮ್ಮಾ ಅದು, ಎಂದರು ಪಕ್ಕದ ಸೀಟಿನ ಮುದುಕಿ, ಹತ್ತಿದಾಗಿನಿಂದ ನೋಡ್ತಾ ಇದೀನಿ, ಬೆರಳು ನಿಲ್ಸಿದ್ದೇ ಇಲ್ಲ ನೀವು, ಎಷ್ಟು ಸುತ್ತಾತು? ಜಪವಲ್ಲ, ಭಾಮಿನಿ ಷಟ್ಪದಿ. ಹಾಂ, ಯಾವ ದೇವ್ರು ಅದು, ನಮ್ಮ ಕಡೆ ಇಲ್ಲ, ಎಂದು ಕನ್ನಮ್ಮ — ಹೆಸರನ್ನು ಹತ್ತುವಾಗಲೇ ಹೇಳಿಕೊಂಡಿದ್ದರು, ಮೊಮ್ಮಗಳ ಬಾಣಂತನಕ್ಕೆ ಹೊರಟದ್ದನ್ನೂ ಹೇಳಿಕೊಂಡಿದ್ದರು — ಭಕ್ತಿಯಿಂದ ಮಡಿಲ ಬುಟ್ಟಿಯನ್ನು ಆಚೆ ಸರಿಸಿ ಜಾಗ ಬಿಟ್ಟುಕೊಟ್ಟರು.

ಮೇಷ್ಟ್ರಿಗೆ ಫೋನು ಮಾಡಲಿಲ್ಲವೇ, ಮಾಡಿದೆ, ಮೂರು ಸಲ, ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು ಆ ಯಂತ್ರ, ಏನನ್ನು ಮಾಡಿದ್ದಾರೆ, ಕರ್ಮಪದ ಎಲ್ಲಿ, ಎಂದು ಯಂತ್ರವನ್ನೇ ಗದರಿಸಿದ್ದೂ ಆಯಿತು, ಒಂದು ವೇಳೆ ಅವರು ಎತ್ತಿದ್ದರೂ ಹೇಳುವುದಾದರೂ ಏನು, ಮೇಷ್ಟ್ರೇ, ಇವತ್ತು ಬರುವ ಲಕೋಟೆಯನ್ನು ಒಡೆಯಬೇಡಿ ಎಂದೇ, ಒಡೆಯಬೇಡಿ ಎಂದರೆ ಯಾವ ಮನುಷ್ಯ ಒಡೆಯದೆ ಬಿಟ್ಟಾನು. ತಪ್ಪು ಎಲ್ಲಿಂದ ಶುರುವಾಯಿತು ಎಂದು ಮೊದಲಿನಿಂದ ನೋಡಬೇಕು, ಮಕ್ಕಳಿಗೆ ಹಾಗೆಯೇ ಹೇಳುತ್ತಿದ್ದುದು, ತಪ್ಪಿದ ಲೆಕ್ಕವನ್ನು ಕೊನೆಯಿಂದ ತಿದ್ದಬಾರದು. ಶಾಲೆಗೆ ಐವತ್ತು ವರ್ಷ ತುಂಬಿತು, ಸ್ಮರಣ ಸಂಚಿಕೆ ತರುವುದೆಂದಾಯಿತು, ನಿವೃತ್ತ ಕನ್ನಡ ಪಂಡಿತೆ ಇರುವಾಗ ಸಂಪಾದಕರನ್ನು ಹೊರಗೆ ಹುಡುಕುವುದೇಕೆ ಎಂದರು, ಒಪ್ಪಿಕೊಂಡೆ, ಒಂದು ಷರತ್ತಿನ ಮೇಲೆ, ಬಂದ ಪ್ರತಿಯೊಂದು ಬರಹಕ್ಕೂ ಅಂಕ ಹಾಕುತ್ತೇನೆ, ಏಳಕ್ಕಿಂತ ಕಡಿಮೆ ಬಂದದ್ದನ್ನು ದೋಷಗಳ ಪಟ್ಟಿಯೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುತ್ತೇನೆ, ಶಾಸಕರದಾದರೂ ಸರಿ. ಶಾಸಕರದಕ್ಕೆ ಎರಡು ಬಂತು, ಅದು ಬೇರೆ ಮಾತು. ಕಳೆದ ಭಾನುವಾರ ರಿಪ್ಪನ್‌ಪೇಟೆಯಲ್ಲಿ ಸಮಿತಿಯ ಸಭೆ ಮುಗಿದು ಎಲ್ಲರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ರವೀಂದ್ರ ಮೇಷ್ಟ್ರು, ಹನ್ನೆರಡು ವರ್ಷ ಪಕ್ಕದ ಕೋಣೆಯಲ್ಲಿ ಚಿತ್ರಕಲೆ ಕಲಿಸಿದವರು, ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಿಂದ ಕುರುವಳ್ಳಿಯಲ್ಲಿ ಒಬ್ಬರೇ ಇರುವವರು, ನಾಲ್ಕು ಮಡಿಕೆಯ ಹಾಳೆಯೊಂದನ್ನು ಕೈಗಿಟ್ಟು, ಬಿಡುವಾದಾಗ ನೋಡಿ ಟೀಚರ್ ಎಂದರು, ಎಂದವರೇ ತಮ್ಮದಲ್ಲದ ಶಿವಮೊಗ್ಗದ ಬಸ್ಸು ಹತ್ತಿದರು, ಕಂಡಕ್ಟರು ಅವರನ್ನು ಮುಂದಿನ ತಿರುವಿನಲ್ಲಿ ಇಳಿಸಿದ್ದನ್ನು ಕಣ್ಣಾರೆ ಕಂಡೆ, ವಯಸ್ಸಾಯಿತು ಪಾಪ ಎಂದುಕೊಂಡೆ, ಪಾಪವಂತೆ. ಸೋಮವಾರ ಬೆಳಿಗ್ಗೆ ಹಾಳೆಯ ಮೂಲೆಯಲ್ಲಿ ಇಪ್ಪತ್ಮೂರು ಎಂದು ಕ್ರಮಸಂಖ್ಯೆ ಬರೆದೆ, ಕೆಂಪು ಪೆನ್ನು ತೆಗೆದೆ, ಮಧ್ಯಾಹ್ನ ಪ್ರೆಸ್ಸಿಗೆಂದು ಸಾಗರಕ್ಕೆ ಹೋದವಳು ಅಲ್ಲಿಯ ಅಂಚೆಡಬ್ಬಿಗೆ ನನ್ನ ಕೈಯಾರೆ ಹಾಕಿದೆ, ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯ ಹೊಟ್ಟೆಯನ್ನು ತಟ್ಟಿಯೂ ನೋಡಿದೆ. ಇಂದು ಬೆಳಿಗ್ಗೆ ಏಳಕ್ಕೆ ಬಂಗಾರಮ್ಮನ ಫೋನು, ಹೊಲಿಗೆ ಟೀಚರ್ ಆಗಿದ್ದವಳು, ಈಗ ಸಮಿತಿಯ ಕಾರ್ಯದರ್ಶಿ, ಶ್ಯಾಮಲಾ, ರವೀಂದ್ರ ಮೇಷ್ಟ್ರದ್ದು ಮುಖಪುಟದ ಚಿತ್ರ ಒಂದೇ ಅಲ್ವನೇ, ಪಟ್ಟಿ ಮಾಡ್ತಾ ಇದೀನಿ. ಇಲ್ಲ, ಕವಿತೆಯೂ ಇದೆ, ಇಪ್ಪತ್ಮೂರನೆಯದು, ತಿರಸ್ಕೃತ. ಅವ್ರು ಕವಿತೆ ಎಲ್ಲಿ ಕೊಟ್ರೇ ಮಾರಾಯ್ತಿ, ಸಂಚಿಕೆಗೆ ಬರೀರಿ ಅಂದ್ರೆ ನಂಗೆ ಬರಿಯಕ್ಕೆ ಬರಲ್ಲ ಅಂತ ಕೈ ಮುಗಿದ್ರಲ್ಲ, ಎಂತ ಬರ್ದಿದಾರೆ, ಹೇಳು ನೋಡಣ. ಕೊಡೆಯ ಮೂರೇ ಸಾರಿ ಒದರುವ, ಎಂದು ಮೊದಲ ಸಾಲು ಹೇಳಿದೆ, ಸಾರಿ ಒದರುವ ಎಂಬಲ್ಲಿ ವಿಸಂಧಿದೋಷವಿದೆ ಎಂದೂ ಹೇಳಿದೆ, ಆ ಕಡೆ ನಗು, ಹೊಲಿಗೆ ಮೆಶಿನ್ನು ಓಡಿಸಿದ ಹಾಗೆ ನಿಲ್ಲದ ನಗು, ಅಯ್ಯೋ ಶ್ಯಾಮಲಾ, ಕೊಡೆನ ಲೆಕ್ಕ ಹಾಕಿ ಮೂರೇ ಸಲ ಒದರಿ ಮೂಲೆಗಿಡೋದು ಇಡೀ ತಾಲ್ಲೂಕಲ್ಲಿ ನೀನೊಬ್ಳೇ ಅಲ್ವೇನೇ!

ಟಿಕೆಟ್, ಟೀಚರ್, ಗುರ್ತಾತಾ, ನಾನು ಯೋಗರಾಜ, ಎಂಟನೇ ಕ್ಲಾಸು ಬಿ ಸೆಕ್ಷನ್ನು, ಛಂದಸ್ಸಲ್ಲಿ ಸೊನ್ನೆ ಕೊಟ್ಟಿದ್ರಿ — ಕಂಡಕ್ಟರು ಹಲ್ಲು ಬಿಟ್ಟು ನಿಂತಿದ್ದಾನೆ, ಸೊನ್ನೆಯನ್ನು ಪದಕದಂತೆ ಹೇಳಿಕೊಳ್ಳುತ್ತಾನೆ, ಕೊಟ್ಟಿದ್ದೆ, ನ್ಯಾಯವಾಗಿಯೇ ಕೊಟ್ಟಿದ್ದೆ, ಯೋಗರಾಜ, ಹನ್ನೊಂದರೊಳಗೆ ಕುರುವಳ್ಳಿ ತಲುಪಬಹುದೇನಪ್ಪಾ? ರಿಪ್ಪನ್‌ಪೇಟೆಲಿ ಹತ್ತು ನಿಮಿಷ ಹಾಲ್ಟು ಟೀಚರ್, ಟೈಮಿಗೆ ಮುಂಚೆ ಬಿಡಕ್ಕಾಗಲ್ಲ, ರೂಲ್ಸು, ನೀವೇ ಹೇಳ್ಕೊಟ್ಟಿದ್ದಲ್ವಾ ನಿಯಮ ಅಂದ್ರೆ ನಿಯಮ ಅಂತ. ಹೇಳಿಕೊಟ್ಟದ್ದು ಹೌದು, ಛಂದಸ್ಸು ತಲೆಗೆ ಹತ್ತದವನಿಗೆ ಇದೊಂದು ಮಾತ್ರ ಹೇಗೆ ಹತ್ತಿತೋ. ಬಸ್ಸು ಹೊಂಡಕ್ಕಿಳಿದು ಹತ್ತಿತು, ಮೂರು, ನಾಲ್ಕು, ಮೂರು, ನಾಲ್ಕು, ರಸ್ತೆಯೂ ಷಟ್ಪದಿಯಲ್ಲೇ ಕುಲುಕುತ್ತಿದೆ, ನಡೆಯ ಬಿರುಸಲಿ ಗೇಟು ನಡುಗಿಪ, ಎರಡನೆಯ ಸಾಲು, ಇಲ್ಲಿ ಗೇಟು ಎಂಬ ಪದಕ್ಕೆ ಅರ್ಧ ಅಂಕ ಕಳೆದೆ, ಅಂಚಿನಲ್ಲಿ ಬರೆದೆ, ಅನ್ಯದೇಶ್ಯ, ಬಾಗಿಲು ಎಂದು ತಿದ್ದಿ — ಗೇಟು ಮೂರು ಮಾತ್ರೆ, ಬಾಗಿಲು, ಬಾ ಎರಡು, ಗಿ ಒಂದು, ಲು ಒಂದು, ನಾಲ್ಕು. ನಾಲ್ಕು! ಮೂರು ಇರಬೇಕಾದಲ್ಲಿ ನಾಲ್ಕು! ಟೀಚರ್ ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡರು, ಸರಿಯಿದ್ದ ಸಾಲನ್ನು ತಿದ್ದಿ ಕೆಡಿಸಿದ್ದು ತಾನು, ಮೂವತ್ತಮೂರು ವರ್ಷ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಿದ ಕೈ, ಇನ್ನೊಬ್ಬರು ಹೀಗೆ ಮಾಡಿದ್ದರೆ ಇಲಾಖೆಗೆ ಬರೆಯುತ್ತಿದ್ದ ಕೈ. ಯಾಕಮ್ಮಾ, ವಾಂತಿ ಬತ್ತಾ, ನಿಂಬೆಹಣ್ಣು ಇದೆ, ಎಂದು ಕನ್ನಮ್ಮ ಬುಟ್ಟಿಗೆ ಕೈ ಹಾಕಿದರು. ಬೇಡ, ಬೇಡ, ಬೇಡಿರಿ.

ಇನ್ನೇನು ಬರೆದಿದ್ದೆ, ಒಂದೊಂದೇ ನೆನಪಿಗೆ ಬರುತ್ತದೆ, ಬಾರದಿದ್ದರೆ ಚೆನ್ನಾಗಿತ್ತು, ಕೊಡೆ ಒದರುವ ನಾಯಿಕೆಯನ್ನು ಕಾವ್ಯಪರಂಪರೆಯಲ್ಲಿ ಕಾಣೆ, ಔಚಿತ್ಯಭಂಗ, ಒಂದು ಅಂಕ. ಬಿಡದೆ ತಪ್ಪನು ಹುಡುಕಿ ತಿದ್ದುವ ನಿನ್ನ ಕಣ್ಗಳಿಗೆ — ಇದರ ಪಕ್ಕದಲ್ಲಿ, ನಾಯಿಕೆ ಒರಟು ಸ್ವಭಾವದವಳಂತೆ ಕಾಣುತ್ತಾಳೆ, ಓದುಗನಲ್ಲಿ ಇವಳ ಬಗ್ಗೆ ಪ್ರೀತಿ ಹುಟ್ಟುವುದು ಕಷ್ಟ. ಹಾಗೆಂದು ಬರೆದೆನೇ, ಬರೆದೆ, ಕಷ್ಟ ಎಂಬ ಪದಕ್ಕೆ ಅಡಿಗೆರೆ ಬೇರೆ ಎಳೆದೆ. ಜಡಿದ ಕನ್ನಡಕದಲಿ ಬೆಳಗಿನ ಕುಡಿಯ ಬೆಳಕನು ಕಂಡೆ ಮೆಲ್ಲಗೆ — ಇಲ್ಲಿ, ಕನ್ನಡಕಧಾರಿಣಿಯೇ, ಎಂದು ಪ್ರಶ್ನಾರ್ಥಕ ಚಿಹ್ನೆ, ಎರಡು ಚಿಹ್ನೆ, ಬರೆಯುವಾಗ ಮೂಗಿನ ಮೇಲಿನಿಂದ ಜಾರುತ್ತಿದ್ದ ಕನ್ನಡಕವನ್ನು ಇದೇ ಬೆರಳಿನಿಂದ ಮೇಲೇರಿಸಿಕೊಂಡೇ ಬರೆದದ್ದು, ಆಗಲೂ ಹೊಳೆಯಲಿಲ್ಲ, ಕಣ್ಣಿದ್ದೂ ಹೊಳೆಯಲಿಲ್ಲ. ಕೊನೆಗೆ ಒಟ್ಟು ಕವಿತೆಯ ನಾದದ ಬಗ್ಗೆ, ಪ್ರೇಮಕವಿತೆಗೆ ಡಕಾರಪ್ರಾಸ ಒಗ್ಗದು, ಡಮರು ಬಾರಿಸಿದಂತಾಗುತ್ತದೆ, ಲ ಮ ನ ಮುಂತಾದ ಮೃದುವರ್ಣಗಳನ್ನು ಆರಿಸಿಕೊಳ್ಳಿ, ಒಂದು ಅಂಕ. ಕೊಡೆಯ, ನಡೆಯ, ಬಿಡದೆ, ಜಡಿದ, ಕುಡಿಯ, ಕಡೆಯ — ಡ, ಡ, ಡ — ಬಸ್ಸಿನ ಸಡಿಲ ತಗಡೊಂದು ಕೂಡ ಅದನ್ನೇ ಬಡಿಯುತ್ತಿದೆ, ಎಲ್ಲಿ ಕೇಳಿದ ಸದ್ದು ಇದು, ಎಲ್ಲಿ, ಶಾಲೆಯ ಹಳೆಯ ಕಟ್ಟಡದ ಮಹಡಿ, ಹಲಗೆಯ ನೆಲ, ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಆ ಹಲಗೆಯ ಮೇಲೆ ತನ್ನ ಚಪ್ಪಲಿ, ಡ, ಡ, ಡ, ತರಗತಿಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು, ಬಂದ್ರು ಕಣ್ರೋ ಎಂಬ ಪಿಸುಮಾತು, ಆಮೇಲೆ ಸೂಜಿ ಬಿದ್ದರೆ ಕೇಳುವ ಮೌನ, ಆ ಮೌನವನ್ನು ಗೌರವ ಎಂದು ತಿಳಿದು ನಡೆದದ್ದು ಇಷ್ಟು ವರ್ಷ, ಆ ಮೌನದೊಳಗೆ ಹಲಗೆಗೋಡೆಯ ಆಚೆ ಒಬ್ಬರು ಕುಂಚ ಹಿಡಿದುಕೊಂಡು ಹೆಜ್ಜೆ ಎಣಿಸುತ್ತಿದ್ದರೇ, ಮೂರು, ನಾಲ್ಕು, ಮೂರು, ನಾಲ್ಕು. ಆ ಗೋಡೆ ಇದ್ದೂ ಇಲ್ಲದಂತಿತ್ತು, ತಾನು ಕಲಿಸಿದ ಲಘು ಗುರು ಪ್ರಸ್ತಾರವೆಲ್ಲ ಆ ಕಡೆಗೆ ಕೇಳುತ್ತಿತ್ತು, ಹನ್ನೆರಡು ವರ್ಷ ಪ್ರತಿ ಜುಲೈಯಲ್ಲಿ ಭಾಮಿನಿ ಷಟ್ಪದಿ, ಬರೆಯುವುದಕ್ಕೆ ಬಾರದ ಮನುಷ್ಯ ಷಟ್ಪದಿ ಕಲಿತದ್ದು ಅಲ್ಲಿಂದಲೇ, ಕಡೆಯ ಬೆಂಚಿನ ಹುಡುಗನಂತೆಯೆ ಕಾದೆ — ಅಲ್ಲಿಗೆ ನಿಂತಿತು, ಆರನೆಯ ಸಾಲು ಅರ್ಧದಲ್ಲಿ ನಿಂತಿತು, ಕಾದೆ ಎಂಬುದರ ಮುಂದೆ ಒಂದು ಉದ್ದನೆಯ ಗೆರೆ ಅಷ್ಟೆ, ಅದರ ಮೇಲೆ ಕೆಂಪಿನಲ್ಲಿ, ನಾಲ್ಕು ಮಾತ್ರೆ, ಒಂದು ಗುರು ಲೋಪ, ಅಜಾಗರೂಕತೆ, ಎರಡು ಅಂಕ. ಏನಿರಬಹುದು ಅಲ್ಲಿ, ಕಾದೆ ದಿನವೆಲ್ಲಾ, ಕೂಡುತ್ತದೆ, ಕಾದೆ ಮೌನದಲೆ, ಅದೂ ಕೂಡುತ್ತದೆ, ಇನ್ನೊಂದು ಪದವಿದೆ, ಅದನ್ನು ಇಟ್ಟು ನೋಡಲು ಹೆಬ್ಬೆರಳು ಒಪ್ಪುತ್ತಿಲ್ಲ, ತೋರುಬೆರಳಿನ ಬುಡದಲ್ಲಿ ಕುಳಿತುಬಿಟ್ಟಿದೆ, ನಾಚಿಕೆಗೆಟ್ಟ ಬೆರಳು, ಇಷ್ಟು ಹೊತ್ತು ಬಸ್ಸಿನ ಬೋರ್ಡನ್ನೂ ಬಿಡದೆ ಎಣಿಸಿದ್ದು.

ರಿಪ್ಪನ್‌ಪೇಟೆ, ಹತ್ತು ನಿಮಿಷ, ಚಾಲಕ ಚಹಾಕ್ಕೆ ಇಳಿದ, ಯೋಗರಾಜ ಕೆಳಗೆ ನಿಂತು ಕೂಗುತ್ತಿದ್ದಾನೆ, ಕೋಣಂದೂರು ತೀರ್ಥಳ್ಳಿ ಕೋಣಂದೂರು ತೀರ್ಥಳ್ಳಿ, ಊರಿನ ಹೆಸರಿನ ನಡುವಿನ ಅಕ್ಷರವನ್ನು ನುಂಗುವುದಕ್ಕೆ ಇವನಿಗೆ ಯಾರು ಅಧಿಕಾರ ಕೊಟ್ಟರು, ಹೋಗಲಿ, ಇವತ್ತು ಯಾರನ್ನೂ ತಿದ್ದುವ ಮುಖ ತನಗಿಲ್ಲ. ಇದು ಮೊದಲನೆಯ ಅಪರಾಧವಾಗಿದ್ದರೆ ಕ್ಷಮಿಸಬಹುದಿತ್ತು, ಇದು ಎರಡನೆಯದು, ಇಪ್ಪತ್ತಾರು ವಯಸ್ಸಿನಲ್ಲಿ ಸಾಗರದಿಂದ ಒಬ್ಬ ವರ ಬಂದಿದ್ದ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ನೋಡಿಕೊಂಡು ಹೋದವನು ಎರಡು ಪುಟದ ಪತ್ರ ಬರೆದ, ಪತ್ರದ ತುಂಬ ಅಲ್ಪಪ್ರಾಣವಿರಬೇಕಾದಲ್ಲೆಲ್ಲ ಮಹಾಪ್ರಾಣ, ಆ ಮನುಷ್ಯನ ಪ್ರೀತಿಗೆ ಉಸಿರು ಹೆಚ್ಚಾಗಿತ್ತೋ ಏನೋ, ಹದಿನೇಳು ತಪ್ಪಿಗೆ ಗುರುತು ಹಾಕಿ ಒಳ್ಳೆಯ ಮನಸ್ಸಿನಿಂದಲೇ ಹಿಂದಿರುಗಿಸಿದೆ, ಜೊತೆಗಿರುವವರು ಒಬ್ಬರನ್ನೊಬ್ಬರು ತಿದ್ದಬೇಕು ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ, ಅವನಿಂದ ಉತ್ತರ ಬರಲಿಲ್ಲ, ಬಂದದ್ದು ಅವನ ಮದುವೆಯ ಕಾಗದ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ, ಯಾರ ಕೈಯಲ್ಲೋ ಓದಿಸಿ ಅಚ್ಚು ಹಾಕಿಸಿದ್ದ, ಅದೇ ಹೆಚ್ಚು ನೋಯಿಸಿತು. ಅಂದಿನಿಂದ ಯಾರೂ ಒಂದು ಸಾಲನ್ನೂ ಬರೆದಿಲ್ಲ, ಬರೆದವರು ಇವರು, ಅದೂ ಈ ಅರವತ್ತೊಂದಕ್ಕೆ, ಈ ಸಲವೂ ಉತ್ತರ ಬಾರದೆ ಹೋದರೆ ಇನ್ನು ಬರೆಯುವವರು ಯಾರು, ಬರುವುದು ವಿದ್ಯುತ್ ಬಿಲ್ಲು ಮಾತ್ರ. ಆದರೆ ನಿಯಮ, ಒಮ್ಮೆ ಕೊಟ್ಟ ಅಂಕವನ್ನು ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ಬದಲಾಯಿಸಿಲ್ಲ, ಹೆಡ್‌ಮಾಸ್ಟರರ ಮಗ ಅತ್ತರೂ ಬದಲಾಯಿಸಿಲ್ಲ, ಹೆಡ್‌ಮಾಸ್ಟರರೇ ಅತ್ತರೂ, ಅತ್ತದ್ದು ನಿಜ. ಇನ್ನೊಂದು ನಿಯಮವೂ ಇದೆ, ತನ್ನ ಸಂಬಂಧಿಕರ ಪತ್ರಿಕೆಯನ್ನು ಮೌಲ್ಯಮಾಪಕರು ಮುಟ್ಟಬಾರದು, ಅಕ್ಕನ ಮಗಳ ಪತ್ರಿಕೆ ಕಟ್ಟಿನಲ್ಲಿ ಬಂದಾಗ ಎದ್ದು ಹೋಗಿ ಕೊಟ್ಟು ಬಂದವಳು ನಾನು, ಹಾಗಿರುವಾಗ ಪತ್ರಿಕೆಯೊಳಗೆ ನಾನೇ ಕೊಡೆ ಒದರುತ್ತಾ ನಿಂತಿದ್ದರೆ ಆ ಐದೂವರೆ ಊರ್ಜಿತವೇ ಅಸಿಂಧುವೇ, ಸಂಬಂಧಿಕರು ಎಂದರೆ, ಛೇ, ಯಾವ ಸಂಬಂಧ, ಇನ್ನೂ ಯಾವ ಸಂಬಂಧವೂ ಇಲ್ಲ, ಇನ್ನೂ ಎಂದೆನೇ ಈಗ? ಅಮ್ಮಾ, ಹರಕೆ ಯಾರ ಹೆಸರಲ್ಲಿ, ಗಂಡಂದಾ ಮಕ್ಕಳದಾ, ಎಂದರು ಕನ್ನಮ್ಮ. ಇಬ್ಬರೂ ಇಲ್ಲ. ಹಂಗಾದ್ರೆ ಇಷ್ಟು ಬೆವರೋದು ಯಾಕೆ, ಎಂದು ಅವರು ಕೇಳುವಷ್ಟರಲ್ಲಿ ಬಸ್ಸು ಹೊರಟಿತು, ಕೋಣಂದೂರು ಬಂತು, ಹೋಯಿತು, ಹತ್ತೂಮುಕ್ಕಾಲು, ಹತ್ತು ಐವತ್ತೆರಡು, ಮುಂದೆ ಒಂದು ಟ್ರ್ಯಾಕ್ಟರು ದಾರಿ ಬಿಡುತ್ತಿಲ್ಲ, ಯೋಗರಾಜ ಬಾಗಿಲಲ್ಲಿ ಜೋತು ಬಿದ್ದು, ಸೈಡ್ ಕೊಡೋ ಮಾರಾಯ, ನಮ್ಮ ಕನ್ನಡ ಟೀಚರ್ರಿಗೆ ಅರ್ಜೆಂಟಿದೆ ಎಂದು ಅರಚಿದ, ಇಡೀ ಬಸ್ಸು ತಿರುಗಿ ನೋಡಿತು, ಸೊನ್ನೆ ಪಡೆದವನಿಂದ ಇಷ್ಟು ಉಪಕಾರವೇ, ಒಂದೆರಡು ಅಂಕ ಕೊಡಬಹುದಿತ್ತೇನೋ, ಇಲ್ಲ, ಪ್ರಸ್ತಾರದಲ್ಲಿ ಗುರು ಬರೆಯಬೇಕಾದಲ್ಲಿ ಅವನು ಬಾತುಕೋಳಿ ಬರೆದಿದ್ದ.

ಕುರುವಳ್ಳಿಯಲ್ಲಿ ಇಳಿದು, ಓಡಬಾರದು, ಶಿಕ್ಷಕಿ ರಸ್ತೆಯಲ್ಲಿ ಓಡಬಾರದು, ನಡೆದೆ, ಬಿರುಸಾಗಿ, ಡ, ಡ, ಡ, ಎಡಕ್ಕೆ ಎರಡನೆಯ ತಿರುವು, ಹಸಿರು ಗೇಟು, ಅಂಚೆಯವನು ಎದುರಿನಿಂದ ಬರುತ್ತಿದ್ದಾನೆ, ಬರುತ್ತಿದ್ದಾನೆ ಎಂದರೆ ಕೊಟ್ಟು ಬರುತ್ತಿದ್ದಾನೆ, ಗೇಟು ತಳ್ಳಿದರೆ ಅದು ಗಡಗಡ ನಡುಗಿತು, ಜಗಲಿಯಲ್ಲಿ ಕುರ್ಚಿ, ಕುರ್ಚಿಯಲ್ಲಿ ರವೀಂದ್ರ ಮೇಷ್ಟ್ರು, ಒಂದು ಕೈಯಲ್ಲಿ ಹರಿದ ಲಕೋಟೆ, ಇನ್ನೊಂದರಲ್ಲಿ ಹಾಳೆ, ದೂರಕ್ಕೇ ಕಾಣುವಷ್ಟು ಕೆಂಪು, ಕೋಳಿ ಕೊಯ್ದ ಜಾಗದ ಹಾಗೆ. ಅವರು ಎದ್ದು ನಿಂತರು, ಕುಳಿತರು, ಮತ್ತೆ ಎದ್ದರು, ಬನ್ನಿ ಟೀಚರ್, ಈಗಷ್ಟೇ ಮಾರ್ಕ್ಸ್ ಕಾರ್ಡ್ ಬಂತು. ಕ್ಷಮಿಸಿ ಎನ್ನಬೇಕು, ಬಸ್ಸಿನಲ್ಲಿ ಮೂರು ವಾಕ್ಯ ಸಿದ್ಧಪಡಿಸಿಕೊಂಡಿದ್ದೆ, ಬಾಯಿ ತೆರೆದರೆ ಬಂದದ್ದು, ಗೇಟು ಇರಲಿ ಮೇಷ್ಟ್ರೇ, ಬಾಗಿಲು ಎಂದು ತಿದ್ದಿದ್ದು ನನ್ನ ತಪ್ಪು, ಒಂದು ಮಾತ್ರೆ ಹೆಚ್ಚಾಗುತ್ತದೆ. ಅವರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಇದನ್ನ ಹೇಳಕ್ಕೆ ಹೊಸನಗರದಿಂದ ಬಂದ್ರಾ? ಹೌದು. ತಿಂಡಿ ತಿಂದ್ರಾ? ಇಲ್ಲ. ಅವರು ಹಾಳೆಯ ಅಂಚಿಗೆ ಬೆರಳಿಟ್ಟು, ಐದೂವರೆಗೆ ನನ್ನ ತಕರಾರಿಲ್ಲ ಟೀಚರ್, ಎಸ್ಸೆಸ್ಸೆಲ್ಸಿಲಿ ಕನ್ನಡಕ್ಕೆ ಇಷ್ಟೂ ಬಂದಿರ್ಲಿಲ್ಲ ನಂಗೆ, ಇಲ್ಲಿ ಒರಟು ಸ್ವಭಾವದವಳು, ಪ್ರೀತಿ ಹುಟ್ಟೋದು ಕಷ್ಟ ಅಂತ ಬರ್ದಿದೀರಲ್ಲ, ಇದನ್ನ ಮಾತ್ರ ಒಪ್ಪಲ್ಲ, ಬೇಕಿದ್ರೆ ಇನ್ನೊಂದು ಮಾರ್ಕ್ಸು ಕಳೀರಿ. ಅಂಗಳದಲ್ಲಿ ಬಿಸಿಲು, ಗೇಟು ಇನ್ನೂ ನಡುಗುತ್ತಿದೆ, ನಿಲ್ಲುವುದಿಲ್ಲವೇ ಇದು, ಹಾಗಾದರೆ ಆರನೆಯ ಸಾಲನ್ನು ಯಾಕೆ ಪೂರ್ತಿ ಮಾಡಲಿಲ್ಲ, ಅಜಾಗರೂಕತೆ ಅಲ್ಲವೇ ಅದು, ಎಂದು ಕೇಳಿದೆ. ಅಲ್ಲ ಟೀಚರ್, ಮೂರು ತಿಂಗಳು ಕೂತು ನೋಡ್ದೆ, ಅಲ್ಲೊಂದು ಹೆಸರು ಬರ್ಬೇಕು, ಇಂಥವರಿಗೆ ಅಂತ ಗೆ ಸೇರಿಸಿದ್ರೆ ನಾಲ್ಕು ಮಾತ್ರೆ, ಒಂದು ಗುರು, ಸರೀ ಕೂತ್ಕೊಳತ್ತೆ, ಆದ್ರೆ ಹೆಸರಿನ ಮೊದಲಕ್ಷರ ಒತ್ತಕ್ಷರ, ಹಿಂದಿನ ಲಘುನ ಗುರು ಮಾಡ್ಬಿಡತ್ತೆ, ಒಂದು ಮಾತ್ರೆ ಜಾಸ್ತಿ, ನೀವು ಬಿಡ್ತೀರಾ? ಅದಕ್ಕೇ ಖಾಲಿ ಬಿಟ್ಟೆ. ಬಿಡುತ್ತೇನೆಯೇ, ಬಿಡುವುದಿಲ್ಲ, ಹನ್ನೆರಡು ಜುಲೈಗಳಲ್ಲಿ ಹಲಗೆಗೋಡೆ ಅದುರುವಂತೆ ಹೇಳಿದ್ದೇನೆ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಹೆಸರನ್ನು ನುಂಗಿಕೊಂಡು ಛಂದಸ್ಸನ್ನು ಕಾಪಾಡಿದ ಈ ಮನುಷ್ಯನಿಗೆ ಅಜಾಗರೂಕ ಎಂದು ಬರೆದೆನಲ್ಲ, ಎರಡು ಅಂಕ ಕಳ್ಳತನ ಮಾಡಿದೆನಲ್ಲ, ಆದರೂ ಬರಹದ ಅಂಕ ಬದಲಾಗದು, ಕೊಟ್ಟದ್ದು ಕೊಟ್ಟದ್ದೇ, ನಿಯಮ — ಬರಹದ ಅಂಕ, ಹೌದು, ಕೊಟ್ಟದ್ದು ಬರಹಕ್ಕೆ ಮಾತ್ರ. ಮೇಷ್ಟ್ರೇ, ಪದ್ಯಕ್ಕೆ ಲಿಖಿತ ಬೇರೆ, ವಾಚನ ಬೇರೆ, ಕಿವಿಯಿಂದ ಕೇಳದೆ ನಾದಕ್ಕೆ ಅಂಕ ಹಾಕಬಾರದು, ನಾನು ಹಾಕಿದ್ದು ಅಕ್ರಮ, ನಿಮ್ಮ ಮೌಖಿಕ ಪರೀಕ್ಷೆ ಬಾಕಿ ಇದೆ. ಈಗ್ಲೇ? ಈಗಲೇ, ನಿಂತುಕೊಂಡು ಓದಿ, ಗಟ್ಟಿಯಾಗಿ. ನೀವು ಕೂತ್ಕೊಳಿ ಮತ್ತೆ. ಕುಳಿತೆ, ಅವರ ಕುರ್ಚಿಯಲ್ಲೇ, ಅದು ಇನ್ನೂ ಬೆಚ್ಚಗಿತ್ತು.

ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು, ನೋಡಿ ಓದಬೇಕಾಗಿಲ್ಲ ಎಂದರೆ ಬಾಯಿಪಾಠ, ಉಗುಳು ನುಂಗಿದರು, ಗಂಟಲಿನ ಉಬ್ಬು ಮೇಲೇರಿ ಇಳಿಯಿತು, ಕೊಡೆಯ ಮೂರೇ ಸಾರಿ ಒದರುವ, ದನಿ ಒಡೆದದ್ದು, ಚಿತ್ರದ ಮೇಷ್ಟ್ರ ದನಿ, ಹನ್ನೆರಡು ವರ್ಷ ನಮಸ್ಕಾರ ಟೀಚರ್ ಎಂಬುದರ ಆಚೆ ಕೇಳದ ದನಿ, ವಿಸಂಧಿಯ ಜಾಗದಲ್ಲಿ ಒಂದು ಪುಟ್ಟ ಉಸಿರು, ಓ, ಅಲ್ಲಿ ಉಸಿರು ಬೇಕಾಗಿತ್ತು, ದೋಷವಲ್ಲ, ಉಬ್ಬು ಏರಿತು, ಇಳಿಯಿತು, ನಡೆಯ ಬಿರುಸಲಿ ಗೇಟು ನಡುಗಿಪ, ಡಕಾರ ಎಷ್ಟು ಮೆತ್ತಗೆ ಬರುತ್ತದೆ ಇವರ ನಾಲಗೆಯಲ್ಲಿ, ಡಮರುವಲ್ಲ, ದೂರದ ಮಹಡಿಯಲ್ಲಿ ಯಾರೋ ಬರುತ್ತಿರುವಂತೆ, ಬರಲಿ ಎಂದು ಕೇಳಿಸಿಕೊಳ್ಳುತ್ತಿರುವಂತೆ, ಬಿಡದೆ ತಪ್ಪನು ಹುಡುಕಿ ತಿದ್ದುವ ನಿನ್ನ ಕಣ್ಗಳಿಗೆ, ಏರಿತು, ಇಳಿಯಿತು, ಜಡಿದ ಕನ್ನಡಕದಲಿ ಬೆಳಗಿನ, ಕನ್ನಡಕ ಮಂಜಾಗುತ್ತಿದೆ, ಬೆವರು, ಬೆವರೇ ಇರಬೇಕು, ಕುಡಿಯ ಬೆಳಕನು ಕಂಡೆ ಮೆಲ್ಲಗೆ, ಏರಿತು, ಇಳಿಯಿತು, ಕಡೆಯ ಬೆಂಚಿನ ಹುಡುಗನಂತೆಯೆ, ಹೆಬ್ಬೆರಳು ಎಲ್ಲಿದೆ, ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಎಣಿಸುತ್ತಿಲ್ಲ, ಕಾದೆ — ನಿಂತರು, ಬಾಯಿ ಅರ್ಧ ತೆರೆದಿದೆ, ಹೇಳಿ, ಒಂದು ಮಾತ್ರೆ ಹೆಚ್ಚಾದರೆ ಹೆಚ್ಚಾಗಲಿ, ಹಿಂದಿನ ಲಘು ಗುರುವಾದರೆ ಆಗಲಿ, ಹೇಳಿಬಿಡಿ, ಕಳೆಯುವುದಿಲ್ಲ, ಉಬ್ಬು ಏರುತ್ತಿದೆ, ಬಿಳಿಗಡ್ಡದ ಮೊಳಕೆಗಳ ನಡುವೆ ಮೆಲ್ಲಗೆ, ಗಂಟಲಿನ ಉಬ್ಬು, ಮೇಲೆ, ಇನ್ನೂ ಮೇಲೆ, ಅಲ್ಲಿಯೇ, ಇಳಿಯದೆ —